ಅಟ್ಲಾಸ್ ಬೆಟ್ಟದ ಊರಿನಲ್ಲಿ ಎರಡು ದಿನದ ಶ್ರಮದಾನ



ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ‘ಬರ್ಬರ ಹತ್ಯೆ’ ಎಂಬ ಶೀರ್ಷಿಕೆ ಆಗಾಗ ಕಣ್ಣಿಗೆ ಬೀಳುತ್ತದೆ. ಬರ್ಬರ ಎಂದರೆ ಕ್ರೂರ, ಅನಾಗರಿಕ ಎಂಬುದು ಎಲ್ಲರೂ ಬಲ್ಲ ಅರ್ಥ. ಆದರೆ ಭೂಪಟದಲ್ಲಿ ಇದೇ ಹೆಸರು ಹೊತ್ತ ಒಂದು ಜನಾಂಗವಿದೆ. ಉತ್ತರ ಆಫ್ರಿಕಾದ ಮೊರಾಕ್ಕೊ, ಅಲ್ಜೀರಿಯಾ ಮುಂತಾದ ದೇಶಗಳಲ್ಲಿ ಹರಡಿಕೊಂಡಿರುವ ಇವರನ್ನು ಹೊರಗಿನವರು ‘ಬರ್ಬರ್’ ಎಂದು ಕರೆದರು. ತಮಗೆ ಅರ್ಥವಾಗದ ಭಾಷೆ ಆಡುವವರನ್ನೆಲ್ಲ ಪ್ರಾಚೀನ ಗ್ರೀಕರು ‘ಬಾರ್ಬರೋಸ್’ ಎನ್ನುತ್ತಿದ್ದರು. ಸಂಸ್ಕೃತದ ಬರ್ಬರವೂ ಅದೇ ಜಾಡಿನ ಪದ. ತೊದಲುವವನು, ಅರ್ಥವಾಗದಂತೆ ಮಾತನಾಡುವವನು ಎಂಬ ಅರ್ಥ ಅದರಲ್ಲೂ ಇದೆ. ಅಂದರೆ ಕೇಳುವವನಿಗೆ ಭಾಷೆ ತಿಳಿಯದಿದ್ದುದು ಆಡುವವನ ದೋಷವಾಗಿ ದಾಖಲಾಯಿತು.

ಈ ಜನ ತಮ್ಮನ್ನು ತಾವು ‘ಅಮಾಜಿಗ್’ ಎಂದು ಕರೆದುಕೊಳ್ಳುತ್ತಾರೆ. ಬಹುವಚನದಲ್ಲಿ ‘ಇಮಾಜಿಗೆನ್’. ಅದಕ್ಕೆ ‘ಸ್ವತಂತ್ರ ಮನುಷ್ಯ’ ಎಂಬ ಅರ್ಥ ಹೇಳುವುದು ರೂಢಿ. ಅರಬರು ಏಳನೆಯ ಶತಮಾನದಲ್ಲಿ ಅಲ್ಲಿಗೆ ಬರುವ ಎಷ್ಟೋ ಮೊದಲಿನಿಂದ ಆ ನೆಲದಲ್ಲಿ ಇದ್ದವರು ಇವರು. ಮರಕೇಶ್ ನಗರವನ್ನು ಸುಮಾರು 1070ರಲ್ಲಿ ಕಟ್ಟಿದ ಅಲ್ಮೊರಾವಿದ್ ಅರಸರು ಬರ್ಬರರು. ಅವರನ್ನು ಸೋಲಿಸಿ ಸ್ಪೇನ್‌ವರೆಗೆ ರಾಜ್ಯ ಹಬ್ಬಿಸಿದ ಅಲ್ಮೊಹಾದ್ ಅರಸರೂ ಬರ್ಬರರೇ. ಅಲ್ಮೊಹಾದರ ಚಳವಳಿ ಬಲಿತದ್ದು ಅಟ್ಲಾಸ್ ಪರ್ವತದ ನಡುವಿನ ಟಿನ್‌ಮೆಲ್ ಎಂಬ ಹಳ್ಳಿಯಲ್ಲಿ.

ಇವತ್ತಿನ ಮಾತು ಅರಸರನ್ನು ಕುರಿತದ್ದಲ್ಲ. ಯುರೋಪಿನ, ಅದರಲ್ಲೂ ಬ್ರಿಟನ್ನಿನ, ಅನೇಕ ಶಾಲೆಗಳು ತಮ್ಮ ಹದಿನೈದು, ಹದಿನಾರು, ಹದಿನೇಳು ವರ್ಷದ ಮಕ್ಕಳನ್ನು ಈ ಅಟ್ಲಾಸ್ ಬೆಟ್ಟಗಳಿಗೆ ಕರೆದೊಯ್ಯುತ್ತವೆ. ಕೆಲವು ದಿನ ಚಾರಣ, ಒಂದೆರಡು ದಿನ ಯಾವುದಾದರೊಂದು ಬರ್ಬರ ಹಳ್ಳಿಯಲ್ಲಿ ಶ್ರಮದಾನ. ಬೆಟ್ಟ ಹತ್ತುವುದೂ ಸೇವೆ ಮಾಡುವುದೂ ಒಂದೇ ಪ್ರವಾಸದಲ್ಲಿ ಜೊತೆಯಾದದ್ದು ಹೇಗೆ? ಅದರಿಂದ ಯಾರಿಗೆ ಏನು ಸಿಗುತ್ತದೆ? ಇಲ್ಲಿ ಕುಳಿತವರಲ್ಲಿ ಎನ್‌ಎಸ್‌ಎಸ್ ಶಿಬಿರಕ್ಕೆ ಹೋಗಿ ಬಂದವರಿದ್ದೀರಿ, ಹೋಗಲು ಹೊರಟವರೂ ಇದ್ದೀರಿ. ಆದ್ದರಿಂದ ಈ ದೂರದ ಕತೆ ನಿಮಗೆ ತೀರ ದೂರದ್ದೇನೂ ಅಲ್ಲ.

ಕುಮಾರಪರ್ವತಕ್ಕಿಂತ ಎತ್ತರದ ಹಳ್ಳಿ

ಮೊರಾಕ್ಕೊದ ಮರಕೇಶ್ ನಗರದಿಂದ ದಕ್ಷಿಣಕ್ಕೆ ಅರವತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ಇಮ್ಲಿಲ್ ಎಂಬ ಊರು ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 1,740 ಮೀಟರ್ ಎತ್ತರ. ನಮ್ಮ ಕುಮಾರಪರ್ವತದ ತುದಿ ಇರುವುದು 1,712 ಮೀಟರಿನಲ್ಲಿ. ಅಂದರೆ ಇಲ್ಲಿನ ಚಾರಣಿಗರು ಏದುಸಿರು ಬಿಡುತ್ತ ತಲುಪುವ ಶಿಖರಕ್ಕಿಂತ ತುಸು ಎತ್ತರದಲ್ಲಿ ಅಲ್ಲಿನ ಚಾರಣ ಆರಂಭವಾಗುತ್ತದೆ. ಇಮ್ಲಿಲ್‌ನ ನೆತ್ತಿಯ ಮೇಲೆ ನಿಂತಿರುವುದು ತುಬ್ಕಾಲ್ ಶಿಖರ. 4,167 ಮೀಟರ್ ಎತ್ತರದ ಇದು ಉತ್ತರ ಆಫ್ರಿಕಾದಲ್ಲೇ ಅತಿ ಎತ್ತರದ ಶಿಖರ. ಯುರೋಪಿಯನ್ನರು ಇದನ್ನು ಏರಿದ ಮೊದಲ ದಾಖಲೆ 1923ರ ಜೂನ್ ತಿಂಗಳದು. ಸುತ್ತಲಿನ ಪ್ರದೇಶ 1942ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ದಲೈ ಲಾಮಾ ಅವರ ಬಾಲ್ಯ, ಯೌವನಗಳನ್ನು ಕುರಿತು ಮಾರ್ಟಿನ್ ಸ್ಕಾರ್ಸೆಸೆ 1997ರಲ್ಲಿ ತೆಗೆದ ‘ಕುಂದುನ್’ ಚಿತ್ರದ ಕೆಲವು ಭಾಗಗಳ ಚಿತ್ರೀಕರಣ ನಡೆದದ್ದು ಇದೇ ಇಮ್ಲಿಲ್‌ನಲ್ಲಿ. ಅಲ್ಲಿನ ಒಂದು ಹಳೆಯ ಕೋಟೆಮನೆ ಟಿಬೆಟ್ಟಿನ ಬೌದ್ಧ ಮಠವಾಗಿ ತೆರೆಯ ಮೇಲೆ ಬಂತು. ಬೈಲಕುಪ್ಪೆಯ ಟಿಬೆಟನ್ನರನ್ನು ಕಂಡಿರುವ ಕನ್ನಡಿಗರಿಗೆ ಆ ಬೆಟ್ಟಗಳ ರೂಪ ಊಹಿಸಿಕೊಳ್ಳಲು ಇಷ್ಟು ಸಾಕು: ಬೋಳು ಬಂಡೆ, ಮೇಲೆ ಹಿಮ, ಕೆಳಗೆ ಕಣಿವೆಯಲ್ಲಿ ಮಾತ್ರ ಹಸಿರು.

ಶಾಲೆಗಳು ಈ ಜಾಗವನ್ನು ಆರಿಸಿಕೊಳ್ಳುವುದಕ್ಕೆ ಕಾರಣಗಳಿವೆ. ಲಂಡನ್ನಿನಿಂದ ಮರಕೇಶ್‌ಗೆ ವಿಮಾನದಲ್ಲಿ ನಾಲ್ಕು ಗಂಟೆಯೊಳಗಿನ ದಾರಿ. ಹಿಮ ಕರಗಿದ ತಿಂಗಳುಗಳಲ್ಲಿ ಹಗ್ಗ, ಕೊಕ್ಕೆಗಳ ಪರಿಣತಿ ಇಲ್ಲದವರೂ ನಡೆದೇ ಶಿಖರ ಮುಟ್ಟಬಹುದು. ಒಂದು ವಾರದ ರಜೆಯಲ್ಲಿ ನಾಲ್ಕು ಸಾವಿರ ಮೀಟರ್ ಏರಿ ಬಂದೆವು ಎನ್ನಲು ಇಷ್ಟು ಹತ್ತಿರದ ಬೆಟ್ಟ ಅವರಿಗೆ ಬೇರೆ ಸಿಗುವುದು ಕಷ್ಟ.

ದಾರಿ ಹೀಗಿದೆ. ಇಮ್ಲಿಲ್‌ನಿಂದ ಅಕ್ರೋಟು ಮರಗಳ ನೆರಳಿನಲ್ಲಿ ಅರುಮ್ದ್ ಎಂಬ ಹಳ್ಳಿ ದಾಟಿ, ನದಿಯ ಕಲ್ಲುಹಾಸಿನ ಮೇಲೆ ನಡೆದು, ಸಿದಿ ಶಮ್‌ಹರೂಶ್ ಎಂಬ ಪುಣ್ಯಸ್ಥಳ ತಲುಪಬೇಕು. ಅಲ್ಲೊಂದು ದೊಡ್ಡ ಬಂಡೆಗೆ ಸುಣ್ಣ ಬಳಿದಿದ್ದಾರೆ. ಜಿನ್ನುಗಳ ಒಡೆಯನ ಸ್ಥಾನ ಎಂದು ನಂಬಿ, ಮೈ ಮೇಲೆ ಗಾಳಿ ಬಂದವರನ್ನು, ವಾಸಿಯಾಗದ ಕಾಯಿಲೆಯವರನ್ನು ಅಲ್ಲಿಗೆ ಕರೆತರುತ್ತಾರೆ. ಅಲ್ಲಿಂದ ಮೇಲೆ ಸುಮಾರು 3,200 ಮೀಟರ್ ಎತ್ತರದಲ್ಲಿ ಚಾರಣಿಗರ ತಂಗುಮನೆ. ಮರುದಿನ ನಸುಕಿನ ಕತ್ತಲಲ್ಲೇ ಎದ್ದು, ಜಾರುವ ಜಲ್ಲಿಕಲ್ಲಿನ ಇಳಿಜಾರಿನಲ್ಲಿ ಸಾವಿರ ಮೀಟರಿನಷ್ಟು ಏರಬೇಕು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಗಾಳಿ ತೆಳ್ಳಗಾಗುತ್ತದೆ; ತಲೆನೋವು, ವಾಕರಿಕೆ ಶುರುವಾಗಬಹುದು. ನಿಧಾನವಾಗಿ ಏರುವುದು, ನೀರು ಕುಡಿಯುವುದು, ಸುಧಾರಿಸದಿದ್ದರೆ ಕೆಳಗಿಳಿಯುವುದು: ಇದಕ್ಕೆ ಬೇರೆ ಮದ್ದಿಲ್ಲ. ಶಿಖರದಿಂದ ಮಕ್ಕಳನ್ನು ಹಿಂದಕ್ಕೆ ಕರೆತರುವ ಧೈರ್ಯ ಇರುವ ಶಿಕ್ಷಕರೇ ಒಳ್ಳೆಯ ಶಿಕ್ಷಕರು ಎಂಬುದು ಚಾರಣ ಬಲ್ಲವರ ಮಾತು.

ಸಾಮಾನು ಹೊರುವುದು ಹೇಸರಗತ್ತೆ. ಗುಡಾರ, ಅಡುಗೆ ಪಾತ್ರೆ, ಹಿಟ್ಟು, ತರಕಾರಿ ಎಲ್ಲವೂ ಅದರ ಬೆನ್ನ ಮೇಲೆ. ಜೊತೆಗೆ ಊರಿನವರೇ ಆದ ಮಾರ್ಗದರ್ಶಿ, ಅಡುಗೆಯವರು, ಹೇಸರಗತ್ತೆ ಹೊಡೆಯುವವರು. 2018ರ ಡಿಸೆಂಬರ್‌ನಲ್ಲಿ ಇಮ್ಲಿಲ್ ಬಳಿ ಇಬ್ಬರು ವಿದೇಶಿ ಯುವತಿಯರ ಕೊಲೆ ನಡೆದ ಮೇಲೆ, ಸ್ಥಳೀಯ ಮಾರ್ಗದರ್ಶಿ ಇಲ್ಲದೆ ತುಬ್ಕಾಲ್ ಏರುವಂತಿಲ್ಲ ಎಂಬ ನಿಯಮ ಬಂತು. ದಾರಿಯಲ್ಲಿ ಪೊಲೀಸರು ಪಾಸ್‌ಪೋರ್ಟ್ ನೋಡಿ ಹೆಸರು ಬರೆದುಕೊಳ್ಳುತ್ತಾರೆ. ಆ ದುಷ್ಕೃತ್ಯಕ್ಕೂ ಊರಿನವರಿಗೂ ಸಂಬಂಧವಿರಲಿಲ್ಲ. ಆದರೆ ಪ್ರವಾಸಿಗರು ಹಿಂಜರಿದಾಗ ಒಲೆ ತಣ್ಣಗಾಗುವುದು ಊರಿನವರ ಮನೆಯಲ್ಲೇ.

ನೀರಿನ ಸರದಿ, ಊರಿನ ಮುಯ್ಯಿ

ಚಾರಣ ಮುಗಿಸಿದ ಮಕ್ಕಳು ಹಳ್ಳಿಗೆ ಬರುತ್ತಾರೆ. ಬೆಟ್ಟದ ಮೈಗೆ ಅಂಟಿಕೊಂಡಂತೆ ಒಂದರ ಮೇಲೊಂದು ಮನೆ. ಕಲ್ಲು, ಮಣ್ಣಿನ ಗೋಡೆ, ಮರದ ತೊಲೆಗಳ ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಳಿಗೆ. ಬೀದರ್, ಕಲಬುರಗಿ, ವಿಜಯಪುರದ ಕಡೆಯವರಿಗೆ ಇಂಥ ಮಾಳಿಗೆ ಮನೆ ಹೊಸದಲ್ಲ. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಹೊಲ. ಬಾರ್ಲಿ, ಆಲೂಗಡ್ಡೆ, ಸೇಬು, ಚೆರ್ರಿ, ಅಕ್ರೋಟು. ಮನೆಯೊಳಗೆ ಕರೆದು ಕೂರಿಸಿ ಮೊದಲು ಕೊಡುವುದು ಪುದೀನ ಹಾಕಿದ ಸಿಹಿ ಚಹಾ. ಚೀನಾದಿಂದ ಬರುವ ಹಸಿರು ಚಹಾಪುಡಿ ಅದಕ್ಕೆ ಬೇಕು. ಎತ್ತರದಿಂದ ಸಣ್ಣ ಗಾಜಿನ ಲೋಟಕ್ಕೆ ನೊರೆ ಬರುವಂತೆ ಸುರಿಯುತ್ತಾರೆ. ಊಟಕ್ಕೆ ಮಣ್ಣಿನ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿದ ತಜೀನ್. ಶುಕ್ರವಾರವಾದರೆ ರವೆಯನ್ನು ಹಬೆಯಲ್ಲಿ ಬೇಯಿಸಿ ಮಾಡಿದ ಕುಸ್ಕುಸ್. ಎಲ್ಲರೂ ಒಂದೇ ದೊಡ್ಡ ತಟ್ಟೆಯ ಸುತ್ತ ಕುಳಿತು ತಮ್ಮ ತಮ್ಮ ಎದುರಿನ ಭಾಗವನ್ನು ಉಣ್ಣುತ್ತಾರೆ.

ಹೊರಗಿನಿಂದ ಬಂದವರಿಗೆ ಇದು ಬಡ ಊರು. ಹಣದ ಲೆಕ್ಕದಲ್ಲಿ ನಿಜವೂ ಹೌದು. ಆದರೆ ಕಣ್ಣಿಗೆ ಬೀಳದ ಇನ್ನೊಂದು ಆಸ್ತಿ ಅಲ್ಲಿದೆ. ಹಿಮ ಕರಗಿದ ನೀರನ್ನು ಬೆಟ್ಟದ ಬದಿಯಲ್ಲಿ ಕಿಲೋಮೀಟರ್‌ಗಟ್ಟಲೆ ಕಾಲುವೆ ತೆಗೆದು ಹೊಲಗಳಿಗೆ ತರುತ್ತಾರೆ. ಯಾರ ಹೊಲಕ್ಕೆ ಯಾವ ದಿನ, ಎಷ್ಟು ಹೊತ್ತು ನೀರು ಎಂಬ ಸರದಿಯನ್ನು ಊರಿನ ಹಿರಿಯರ ಕೂಟ ನಿರ್ಧರಿಸುತ್ತದೆ. ಆ ಕೂಟಕ್ಕೆ ‘ಜಮಾ’ ಎಂದು ಹೆಸರು. ನಮ್ಮ ಕೆರೆ ಊರುಗಳಲ್ಲಿ ನೀರುಗಂಟಿ ಮಾಡುತ್ತಿದ್ದ ಕೆಲಸವನ್ನು ನೆನಪಿಸಿಕೊಂಡರೆ ಇದರ ಮಹತ್ವ ತಿಳಿಯುತ್ತದೆ. ಹುಲ್ಲುಗಾವಲಿಗೂ ಹೀಗೆಯೇ ಕಟ್ಟಳೆ. ‘ಅಗ್ದಾಲ್’ ಎಂಬ ಈ ಪದ್ಧತಿಯಲ್ಲಿ ವಸಂತದಿಂದ ಬೇಸಿಗೆಯವರೆಗೆ ಎತ್ತರದ ಗೋಮಾಳವನ್ನು ಮುಚ್ಚುತ್ತಾರೆ. ಹುಲ್ಲು ಬೆಳೆದು ಬೀಜ ಉದುರಿದ ಮೇಲೆ ನಿಗದಿಯಾದ ದಿನ ಎಲ್ಲರ ದನಕರು, ಕುರಿಗಳಿಗೂ ಒಟ್ಟಿಗೆ ತೆರೆಯುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ‘ತಿವಿಜಿ’. ಕಾಲುವೆ ಹೂಳೆತ್ತುವುದಿರಲಿ, ಕುಸಿದ ದಾರಿ ಸರಿಮಾಡುವುದಿರಲಿ, ಒಬ್ಬರ ಕೊಯ್ಲಿರಲಿ, ಊರಿನವರೆಲ್ಲ ಸೇರಿ ಕೂಲಿಯಿಲ್ಲದೆ ದುಡಿಯುವ ಪದ್ಧತಿ ಇದು. ಇವತ್ತು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನ ಹೊಲದಲ್ಲಿ ನೀನು. ಮಲೆನಾಡಿನವರು ಇದನ್ನು ಮುಯ್ಯಿ ಎನ್ನುತ್ತಾರೆ, ಹಾಗೆ ಬಂದು ದುಡಿಯುವವರು ಮುಯ್ಯಾಳುಗಳು. ಮುಯ್ಯಿಯಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬುದಿಲ್ಲ. ಲೆಕ್ಕ ಯಾವತ್ತೂ ತೀರುವುದಿಲ್ಲ, ಹಾಗಾಗಿ ಸಂಬಂಧವೂ ಕಡಿಯುವುದಿಲ್ಲ.

ಹದಿನಾರರ ಹರೆಯದ ವಿದೇಶಿ ಮಕ್ಕಳು ಕೈಗವಸು ಹಾಕಿಕೊಂಡು ಸೇವೆಗೆಂದು ಬಂದು ಇಳಿಯುವುದು ಇಂಥ ಊರಿಗೆ. ಒಟ್ಟಿಗೆ ದುಡಿಯುವುದನ್ನು ನೂರಾರು ವರ್ಷಗಳಿಂದ ಬಲ್ಲ ಜನರ ನಡುವೆ ಅವರು ಶ್ರಮದಾನ ಕಲಿಯಲು ಬಂದಿರುತ್ತಾರೆ.

ಸೇವೆ ಪಾಠವಾದ ಬಗೆ

ಬೆಟ್ಟ ಹತ್ತುವುದು ಮತ್ತು ಸೇವೆ, ಎರಡನ್ನೂ ಶಿಕ್ಷಣದ ಭಾಗವಾಗಿಸಿದವರಲ್ಲಿ ಪ್ರಮುಖ ಹೆಸರು ಕುರ್ಟ್ ಹಾನ್ ಅವರದು. ಜರ್ಮನಿಯ ಯಹೂದಿ ಕುಟುಂಬದಲ್ಲಿ 1886ರಲ್ಲಿ ಹುಟ್ಟಿದ ಅವರು 1920ರಲ್ಲಿ ಸಾಲೆಮ್ ಎಂಬಲ್ಲಿ ಶಾಲೆ ಆರಂಭಿಸಿದರು. ಹಿಟ್ಲರನನ್ನು ಬಹಿರಂಗವಾಗಿ ವಿರೋಧಿಸಿ 1933ರಲ್ಲಿ ಸೆರೆಮನೆ ಸೇರಿದರು. ಬಿಡುಗಡೆಯಾದ ಮೇಲೆ ಬ್ರಿಟನ್ನಿಗೆ ಬಂದು 1934ರಲ್ಲಿ ಸ್ಕಾಟ್ಲೆಂಡಿನ ಗಾರ್ಡನ್‌ಸ್ಟೌನ್ ಶಾಲೆ ಕಟ್ಟಿದರು. ಮಕ್ಕಳು ಪುಸ್ತಕದಿಂದ ಮಾತ್ರ ಬೆಳೆಯುವುದಿಲ್ಲ. ದೇಹಕ್ಕೆ ಸವಾಲು ಬೇಕು, ಜೊತೆಗೆ ಇನ್ನೊಬ್ಬರ ಕಷ್ಟಕ್ಕೆ ಓಡಿಹೋಗುವ ಅಭ್ಯಾಸವೂ ಬೇಕು ಎಂಬುದು ಅವರ ನಂಬಿಕೆ. 1941ರಲ್ಲಿ ವೇಲ್ಸ್‌ನ ಅಬರ್‌ಡೋವಿಯಲ್ಲಿ ‘ಔಟ್‌ವರ್ಡ್ ಬೌಂಡ್’ ಶಾಲೆ ಹುಟ್ಟಿದ್ದು ಇದೇ ಆಲೋಚನೆಯಿಂದ. 1956ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿ ಯೋಜನೆಯ ಹಿಂದೆಯೂ ಹಾನ್ ಇದ್ದರು. ಮುಂದೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯಟ್ ಪಠ್ಯಕ್ರಮದಲ್ಲಿ ಸೃಜನಶೀಲತೆ, ಚಟುವಟಿಕೆ, ಸೇವೆ ಎಂಬ ಮೂರೂ ಸೇರಿದ ಕಡ್ಡಾಯ ಭಾಗ ಬಂತು.

ನಮ್ಮಲ್ಲೂ ಇದಕ್ಕೆ ಸಮನಾದದ್ದಿದೆ. ಗಾಂಧೀಜಿ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಹಳ್ಳಿಯ ಶಾಲೆಯಲ್ಲಿ ಬೀಡುಬಿಟ್ಟು, ಚರಂಡಿ ತೋಡಿ, ರಸ್ತೆಗೆ ಮಣ್ಣು ಹಾಕಿ, ರಾತ್ರಿ ನಾಟಕ ಆಡಿ ಬಂದ ನೆನಪು ಕರ್ನಾಟಕದ ಸಾವಿರಾರು ಪದವೀಧರರಲ್ಲಿದೆ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹಾನ್ ಅವರ ಶಾಲೆಯ ಮಕ್ಕಳು ಮಾಡುತ್ತಿದ್ದ ಸೇವೆ ತಮ್ಮದೇ ಕಡಲತೀರದ ಕಾವಲು, ತಮ್ಮದೇ ಸುತ್ತಲಿನ ರಕ್ಷಣಾ ಕಾರ್ಯ. ಅದಕ್ಕೆ ತಿಂಗಳುಗಟ್ಟಲೆ ತರಬೇತಿ ಇತ್ತು. ಡ್ಯೂಕ್ ಪ್ರಶಸ್ತಿಯಲ್ಲೂ ಚಾರಣ ಕೆಲವೇ ದಿನದ್ದು, ಸೇವೆ ತಿಂಗಳುಗಳದ್ದು. ಈಗಿನ ಪ್ರವಾಸಗಳಲ್ಲಿ ಈ ಪ್ರಮಾಣ ತಲೆಕೆಳಗಾಗಿದೆ. ನಾಲ್ಕು ದಿನ ಚಾರಣ, ಎರಡು ದಿನ ಸೇವೆ, ಒಂದು ದಿನ ಮರಕೇಶ್ ಪೇಟೆಯಲ್ಲಿ ಸುತ್ತಾಟ. ಸೇವೆಯೂ ಪ್ರವಾಸದ ಒಂದು ನೋಟವಾಗಿ ಕಾರ್ಯಕ್ರಮಪಟ್ಟಿಯೊಳಗೆ ಕುಳಿತಿದೆ.

ಎರಡು ದಿನದಲ್ಲಿ ಆಗುವುದೇನು?

ಇಂಥ ತಂಡಗಳು ಸಾಮಾನ್ಯವಾಗಿ ಮಾಡುವ ಕೆಲಸ ಇಷ್ಟು: ಶಾಲೆಯ ಗೋಡೆಗೆ ಬಣ್ಣ, ಮಕ್ಕಳೊಂದಿಗೆ ಇಂಗ್ಲಿಷ್ ಆಟ, ಗಿಡ ನೆಡುವುದು, ಕಾಲುದಾರಿಗೆ ಕಲ್ಲು ಹೊರುವುದು, ಕಸ ಆರಿಸುವುದು. ಎಲ್ಲವೂ ಒಳ್ಳೆಯ ಮನಸ್ಸಿನಿಂದ ನಡೆಯುತ್ತದೆ. ಆದರೂ ಇದರ ಬಗ್ಗೆ ಜಗತ್ತಿನ ಹಲವೆಡೆ ಆಕ್ಷೇಪ ಎದ್ದಿದೆ, ಅದನ್ನು ತಳ್ಳಿಹಾಕುವಂತಿಲ್ಲ.

ಮೊದಲ ಆಕ್ಷೇಪ ಕೆಲಸದ ಗುಣಮಟ್ಟದ್ದು. ಕರಣೆ ಹಿಡಿದು ಗೊತ್ತಿಲ್ಲದ ಹುಡುಗರು ಕಟ್ಟಿದ ಗೋಡೆ ನೆಟ್ಟಗೆ ನಿಲ್ಲುವುದಿಲ್ಲ. ಅಟ್ಲಾಸ್‌ನಲ್ಲಿ ಇದು ನಗುವ ವಿಷಯವಲ್ಲ. 1995ರ ಆಗಸ್ಟ್ 17ರಂದು ಒಮ್ಮೆಗೇ ಸುರಿದ ಮಳೆಯಿಂದ ಪಕ್ಕದ ಊರಿಕಾ ಕಣಿವೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಇಮ್ಲಿಲ್ ಕಣಿವೆಯಲ್ಲೂ ಹೊಲ, ಮನೆ, ಮರ ಕೊಚ್ಚಿಹೋದವು. ಅಲ್ಲಿ ಒಂದು ತಡೆಗೋಡೆ ಎಂದರೆ ಅದರ ಹಿಂದೆ ಒಂದು ಹೊಲ, ಕೆಳಗೆ ಒಂದು ಮನೆ ಇರುತ್ತದೆ. ಎರಡನೆಯದು ಕೂಲಿಯ ಪ್ರಶ್ನೆ. ಊರಿನಲ್ಲಿ ಗಾರೆ ಕೆಲಸ ಬಲ್ಲವರು ಇರುವಾಗ, ಹಣ ಕೊಟ್ಟು ಬಂದವರು ಪುಕ್ಕಟೆ ಮಾಡಿದರೆ ಅವರ ಅನ್ನಕ್ಕೆ ಕಲ್ಲು ಬೀಳುತ್ತದೆ. ಮೂರನೆಯದು ಮುಂದುವರಿಕೆಯ ಪ್ರಶ್ನೆ. ಒಂದು ತಂಡ ನೆಟ್ಟ ಗಿಡಕ್ಕೆ ಆಮೇಲೆ ನೀರು ಹಾಕುವವರು ಯಾರು? ಅಲ್ಲಿ ನೀರಿಗೆ ಸರದಿ ಇದೆ ಎಂಬುದನ್ನು ಮರೆಯಬಾರದು. ಪ್ರತಿ ಹೊಸ ಗಿಡವೂ ಯಾರದೋ ಪಾಲಿನ ನೀರು ಕೇಳುತ್ತದೆ.

ಹಾಗೆಂದು ಇಂಥ ಕೆಲಸವೆಲ್ಲ ವ್ಯರ್ಥ ಎನ್ನುವಂತಿಲ್ಲ. 2000ದಲ್ಲಿ ಆರಂಭವಾದ ಹೈ ಅಟ್ಲಾಸ್ ಫೌಂಡೇಷನ್ ಎಂಬ ಸಂಸ್ಥೆ ಹಣ್ಣಿನ ಗಿಡಗಳ ನರ್ಸರಿ ಬೆಳೆಸುತ್ತ ಬಂದಿದೆ. ಯಾವ ಊರಿಗೆ ಏನು ಬೇಕು ಎಂಬುದನ್ನು ಊರಿನವರ ಸಭೆಯಲ್ಲಿ ಕೇಳಿ ತೀರ್ಮಾನಿಸುವುದು ಅದರ ಕ್ರಮ. ಅಂಥ ಕೆಲಸದಲ್ಲಿ ಹೊರಗಿನ ಮಕ್ಕಳು ಎರಡು ದಿನ ಗುಂಡಿ ತೋಡಿದರೂ ಅದು ಹತ್ತು ವರ್ಷದ ಕೆಲಸದ ಒಂದು ತುಂಡಾಗುತ್ತದೆ. ಊರಿನ ಮೇಸ್ತ್ರಿಗೆ ಕೂಲಿ ಕೊಟ್ಟು, ಅವನ ಕೈಕೆಳಗೆ ಮಕ್ಕಳು ಕಲ್ಲು, ಬಾಂಡ್ಲಿ ಹೊತ್ತರೆ ಗೋಡೆಯೂ ನಿಲ್ಲುತ್ತದೆ, ಮೇಸ್ತ್ರಿಗೂ ಗೌರವ. ಕೆಲಸ ಕಲಿಸುವವನು ಯಾರು, ಕಲಿಯುವವರು ಯಾರು ಎಂಬುದೂ ಆಗ ಮಕ್ಕಳಿಗೆ ಸ್ಪಷ್ಟವಾಗುತ್ತದೆ.

ಒಂದು ರಾತ್ರಿಯ ಪಾಠ

2023ರ ಸೆಪ್ಟೆಂಬರ್ 8ರ ರಾತ್ರಿ ಹನ್ನೊಂದು ಗಂಟೆ ದಾಟಿದ ಮೇಲೆ ಈ ಬೆಟ್ಟಗಳು ನಡುಗಿದವು. 6.8 ಪ್ರಮಾಣದ ಭೂಕಂಪ. ಕೇಂದ್ರ ಇದ್ದದ್ದು ಅಲ್ ಹೌಜ್ ಪ್ರಾಂತ್ಯದಲ್ಲಿ. ಇಮ್ಲಿಲ್ ಕೂಡ ಅದೇ ಪ್ರಾಂತ್ಯಕ್ಕೆ ಸೇರಿದ ಊರು. ಸುಮಾರು ಮೂರು ಸಾವಿರ ಜನ ಸತ್ತರು. ಎಂಟುನೂರಕ್ಕೂ ಹೆಚ್ಚು ವರ್ಷದ ಟಿನ್‌ಮೆಲ್ ಮಸೀದಿ ಬಹುಮಟ್ಟಿಗೆ ಕುಸಿಯಿತು. ಮಣ್ಣಿನ ಗೋಡೆಯ ಮನೆಗಳು ಬಿದ್ದಾಗ ಪುಡಿಯಾಗಿ ಕುಸಿದುದರಿಂದ, ಒಳಗಿದ್ದವರಿಗೆ ಉಸಿರಾಡಲು ಸಂದು ಉಳಿಯಲಿಲ್ಲ. ಬೆಟ್ಟದ ರಸ್ತೆಗಳಿಗೆ ಬಂಡೆ ಉರುಳಿ, ಎಷ್ಟೋ ಹಳ್ಳಿಗಳಿಗೆ ನೆರವು ತಲುಪುವುದು ತಡವಾಯಿತು.

ಈ ವಿವರ ಕೇಳಿದಾಗ ಉತ್ತರ ಕರ್ನಾಟಕದ ಹಿರಿಯರಿಗೆ 1993ರ ಸೆಪ್ಟೆಂಬರ್ 30 ನೆನಪಾದೀತು. ಗಡಿಯಾಚೆಯ ಲಾತೂರಿನ ಕಿಲ್ಲಾರಿ ಭೂಕಂಪದಲ್ಲಿ ಸಾವಿರಾರು ಜನ ಸತ್ತದ್ದು ಇದೇ ಕಾರಣಕ್ಕೆ: ಕಲ್ಲು, ಮಣ್ಣಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ ಕಾಪಾಡುವ ಮನೆ, ನೆಲ ನಡುಗಿದಾಗ ಮೈಮೇಲೆ ಬೀಳುತ್ತದೆ.

ಅಟ್ಲಾಸ್‌ನಲ್ಲಿ ಮೊದಲು ಕೈ ಹಾಕಿ ಮಣ್ಣು ತೆಗೆದವರು ನೆರೆಮನೆಯವರು. ಸೈನ್ಯ, ಸರ್ಕಾರ, ಹೊರದೇಶದ ತಂಡಗಳು ಬರುವ ಮುಂಚೆ ದುಡಿದದ್ದು ಹಳೆಯ ತಿವಿಜಿ. ನಗರಗಳಿಂದ ಸಾಮಾನ್ಯ ಜನ ಕಾರು, ವ್ಯಾನುಗಳಲ್ಲಿ ಹಿಟ್ಟು, ಕಂಬಳಿ, ನೀರು ತುಂಬಿಕೊಂಡು ಬೆಟ್ಟಕ್ಕೆ ಬಂದರು. ವಾಹನ ಹೋಗದ ಕಡೆ ಹೇಸರಗತ್ತೆ, ಕತ್ತೆಗಳ ಮೇಲೆ ಸಾಮಾನು ಸಾಗಿತು. ಅಂದಿನ ತುರ್ತಿನಲ್ಲಿ ಊರಿಗೆ ಬೇಕಾದದ್ದು ದಾರಿ ಬಲ್ಲವರು, ಭಾಷೆ ಬಲ್ಲವರು, ಮನೆ ಕಟ್ಟಬಲ್ಲವರು. ಗೋಡೆಗೆ ಬಣ್ಣ ಹಚ್ಚುವವರ ಸರದಿ ಬರಲು ಮೊದಲು ಗೋಡೆಯೇ ಬೇಕಿತ್ತು.

ಹನ್ನೆರಡು ವರ್ಷಕ್ಕೆ ನಿಲ್ಲುವ ದಾರಿ

ಈಗ ಬಹಳ ಹೊತ್ತು ಯೋಚಿಸಬೇಕಾದ ವಿಷಯ. ಶಾಲಾ ತಂಡದ ಹುಡುಗಿ ಹಳ್ಳಿಯ ಶಾಲೆಗೆ ಬಣ್ಣ ಹಚ್ಚುತ್ತಿರುವಾಗ, ಅವಳಷ್ಟೇ ವಯಸ್ಸಿನ ಊರಿನ ಹುಡುಗಿ ಎಲ್ಲಿರುತ್ತಾಳೆ? ಹಲವು ಕಾಲ ಇದಕ್ಕೆ ಉತ್ತರ ಒಂದೇ ಇತ್ತು: ಹುಲ್ಲಿನ ಹೊರೆ ಹೊತ್ತು ಬೆಟ್ಟ ಇಳಿಯುತ್ತಿರುತ್ತಾಳೆ, ಇಲ್ಲವೇ ಅಡುಗೆಮನೆಯಲ್ಲಿ ಬಂದವರಿಗೆ ರೊಟ್ಟಿ ಸುಡುತ್ತಿರುತ್ತಾಳೆ. ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಇರುತ್ತದೆ. ಮುಂದಿನ ಓದಿಗೆ ಅಸ್ನಿಯಂಥ ಕೆಳಗಿನ ಊರಿಗೆ ಹೋಗಬೇಕು. ದಿನವೂ ಹೋಗಿಬರುವಷ್ಟು ಹತ್ತಿರವಲ್ಲ. ಗಂಡುಮಕ್ಕಳು ಹೇಗೋ ಅಲ್ಲಿ ಉಳಿದು ಓದುತ್ತಿದ್ದರು. ಹೆಣ್ಣುಮಕ್ಕಳನ್ನು ಕಳಿಸಲು ತಂದೆತಾಯಿ ಹೆದರುತ್ತಿದ್ದರು. ಹನ್ನೆರಡು ವರ್ಷಕ್ಕೆ ಅವರ ಶಾಲೆಯ ದಾರಿ ನಿಲ್ಲುತ್ತಿತ್ತು. 2014ರ ಜನಗಣತಿಯಂತೆ ಮೊರಾಕ್ಕೊದ ಗ್ರಾಮೀಣ ಮಹಿಳೆಯರಲ್ಲಿ ಶೇ 60ರಷ್ಟು ಮಂದಿಗೆ ಓದುಬರಹ ಬರುತ್ತಿರಲಿಲ್ಲ.

ಭಾಷೆಯದೂ ಒಂದು ತೊಡಕು. ಈ ಭಾಗದ ಮನೆಮಾತು ತಶೆಲ್‌ಹಿತ್ ಎಂಬ ಬರ್ಬರ ನುಡಿ. ಶಾಲೆಗೆ ಕಾಲಿಟ್ಟ ಮಗುವಿಗೆ ಎದುರಾಗುವುದು ಅರಬಿ, ಮುಂದೆ ಫ್ರೆಂಚ್. ಮನೆಯಲ್ಲಿ ತುಳು, ಕೊಡವ ಅಥವಾ ಕೊಂಕಣಿ ಆಡಿ ಶಾಲೆಯಲ್ಲಿ ಬೇರೆ ಭಾಷೆ ಕಲಿತ ನಮ್ಮ ಮಕ್ಕಳಿಗೆ ಈ ಕಷ್ಟ ಗೊತ್ತು. ಬಹುಕಾಲದ ಹೋರಾಟದ ನಂತರ 2001ರಲ್ಲಿ ಅಮಾಜಿಗ್ ಸಂಸ್ಕೃತಿಗಾಗಿ ಒಂದು ರಾಜಸಂಸ್ಥೆ ಬಂತು. 2003ರಲ್ಲಿ ಪ್ರಾಚೀನ ತಿಫಿನಾಗ್ ಲಿಪಿಗೆ ಹೊಸ ರೂಪ ಕೊಟ್ಟು ಶಾಲೆಗಳಲ್ಲಿ ಕಲಿಸಲು ತೊಡಗಿದರು. 2011ರ ಸಂವಿಧಾನದಲ್ಲಿ ತಮಾಜಿಗ್ತ್ ಅರಬಿಯ ಜೊತೆಗೆ ಅಧಿಕೃತ ಭಾಷೆಯಾಯಿತು. ಅರ್ಥವಾಗದ ಗೊಣಗು ಎಂದು ಹೀಗಳೆಯಲ್ಪಟ್ಟ ನುಡಿಗೆ ಕೊನೆಗೂ ಕಾನೂನಿನ ಮನ್ನಣೆ ದೊರೆಯಿತು.

ಹುಡುಗಿಯರ ಓದಿನ ಕಷ್ಟಕ್ಕೆ ಒಂದು ಸರಳ ಪರಿಹಾರವೂ ಕಂಡಿತು. 2007ರಲ್ಲಿ ‘ಎಜುಕೇಷನ್ ಫಾರ್ ಆಲ್’ ಎಂಬ ಸಂಸ್ಥೆ ಅಸ್ನಿಯಲ್ಲಿ ಪ್ರೌಢಶಾಲೆಯ ಹತ್ತಿರವೇ ಹೆಣ್ಣುಮಕ್ಕಳಿಗಾಗಿ ಒಂದು ವಿದ್ಯಾರ್ಥಿನಿಲಯ ತೆರೆಯಿತು. ಹೊಸ ಶಾಲೆ ಕಟ್ಟಲಿಲ್ಲ, ಇರುವ ಸರ್ಕಾರಿ ಶಾಲೆಗೆ ನಡೆದುಹೋಗುವಷ್ಟು ದೂರದಲ್ಲಿ ಊಟ, ಹಾಸಿಗೆ, ದೀಪ ಒದಗಿಸಿತು. ನೋಡಿಕೊಳ್ಳುವವರು ಸ್ಥಳೀಯ ಮಹಿಳೆಯರೇ ಆದ್ದರಿಂದ ತಂದೆತಾಯಿಗೆ ಧೈರ್ಯ ಬಂತು. ಒಂದು ಮನೆ ಹಲವಾಯಿತು. ಅಲ್ಲಿ ಓದಿದ ಹುಡುಗಿಯರು ವಿಶ್ವವಿದ್ಯಾಲಯಗಳಿಗೂ ಹೋದರು. 2023ರ ಭೂಕಂಪದ ನಂತರ ಕಣಿವೆಯ ಸಾವಿರಾರು ವಿದ್ಯಾರ್ಥಿಗಳನ್ನು ಓದು ಮುಂದುವರಿಸಲು ಮರಕೇಶ್‌ಗೆ ಸ್ಥಳಾಂತರಿಸಬೇಕಾಯಿತು. ಹೆಣ್ಣುಮಗಳನ್ನು ಓದಲು ಹೊರಗೆ ಕಳಿಸುವುದು ಎಂದರೆ ಏನೆಂದು ಆ ಹೊತ್ತಿಗೆ ಎಷ್ಟೋ ಮನೆಗಳಿಗೆ ಅಭ್ಯಾಸವಾಗಿತ್ತು.

ಹಾಸ್ಟೆಲ್ಲಿನ ಮಹತ್ವವನ್ನು ಕರ್ನಾಟಕಕ್ಕೆ ಯಾರೂ ವಿವರಿಸಬೇಕಿಲ್ಲ. ಮಠಗಳ ಉಚಿತ ಪ್ರಸಾದನಿಲಯಗಳು, ಸರ್ಕಾರಿ ವಿದ್ಯಾರ್ಥಿನಿಲಯಗಳು ಇಲ್ಲದಿದ್ದರೆ ಇಲ್ಲಿನ ಎಷ್ಟು ಮನೆಗಳಲ್ಲಿ ಮೊದಲ ಪದವೀಧರ ಹುಟ್ಟುತ್ತಿದ್ದ?

ಹೊನ್ನಾವರ ಕಂಡ ಪ್ರವಾಸಿ

ಮೊರಾಕ್ಕೊದ ಬರ್ಬರರಿಗೂ ಕನ್ನಡ ನಾಡಿಗೂ ಒಂದು ಹಳೆಯ ನಂಟಿದೆ. ಪ್ರಸಿದ್ಧ ಪ್ರವಾಸಿ ಇಬ್ನ್ ಬತೂತ 1304ರಲ್ಲಿ ಮೊರಾಕ್ಕೊದ ಟ್ಯಾಂಜಿಯರ್‌ನಲ್ಲಿ ಹುಟ್ಟಿದವನು. ಲವಾತ ಎಂಬ ಬರ್ಬರ ಕುಲದವನು. 1340ರ ದಶಕದಲ್ಲಿ ನಮ್ಮ ಕರಾವಳಿಗೆ ಬಂದು ಹೊನ್ನಾವರದಲ್ಲಿ ತಂಗಿದ್ದ. ಅಲ್ಲಿ ಅವನನ್ನು ಬೆರಗುಗೊಳಿಸಿದ ಸಂಗತಿಗಳಲ್ಲಿ ಒಂದನ್ನು ಅವನ ಪ್ರವಾಸಕಥನ ದಾಖಲಿಸಿದೆ. ಆ ಊರಿನಲ್ಲಿ ಹುಡುಗರಿಗೆ 23 ಶಾಲೆಗಳಿದ್ದರೆ ಹುಡುಗಿಯರಿಗೆ 13 ಶಾಲೆಗಳಿದ್ದವು. ಇಂಥದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಅವನು ಹೇಳಿದ್ದಾನೆ. ಅರ್ಧ ಜಗತ್ತು ಸುತ್ತಿದ್ದವನ ಮಾತು ಅದು.

ಹೊನ್ನಾವರದಲ್ಲಿ ಹೆಣ್ಣುಮಕ್ಕಳ ಶಾಲೆ ಎಣಿಸಿದ ಆ ಬರ್ಬರನ ನಾಡಿನಲ್ಲಿ, ಸುಮಾರು ಏಳು ಶತಮಾನ ಕಳೆದರೂ ಬೆಟ್ಟದ ಹುಡುಗಿಗೆ ಶಾಲೆ ದೂರವೇ ಉಳಿದಿತ್ತು. ಹೆಮ್ಮೆಪಡುವ ಮುನ್ನ ನಮ್ಮ ಕಡೆಯೂ ನೋಡಿಕೊಳ್ಳಬೇಕು. ಆ 13 ಶಾಲೆಗಳ ಪರಂಪರೆ ನಮ್ಮಲ್ಲೇ ಎಲ್ಲಿ ಕಡಿಯಿತು? ಏಳನೇ ತರಗತಿಗೆ ಓದು ಬಿಟ್ಟ ಹುಡುಗಿಯರು ನಮ್ಮ ಹಳ್ಳಿಗಳಲ್ಲೂ ಇದ್ದಾರೆ.

ಇಬ್ನ್ ಬತೂತ ಹೊನ್ನಾವರಕ್ಕೆ ಬಣ್ಣ ಬಳಿಯಲಿಲ್ಲ. ಊರನ್ನು ಕಣ್ಣುಬಿಟ್ಟು ನೋಡಿದ, ಎಣಿಸಿದ, ನೆನಪಿಟ್ಟುಕೊಂಡ. ಪ್ರವಾಸಿ ಒಂದು ಊರಿಗೆ ಮಾಡಬಹುದಾದ ಮೊದಲ ಗೌರವ ಅದು. ಅಟ್ಲಾಸ್‌ಗೆ ಹೋಗುವ ಮಕ್ಕಳಿಗೂ, ಮುಂದಿನ ತಿಂಗಳು ಯಾವುದೋ ಹಳ್ಳಿಯ ಶಿಬಿರಕ್ಕೆ ಹೋಗುವ ನಿಮಗೂ ಇದು ಅನ್ವಯಿಸುತ್ತದೆ. ಗುದ್ದಲಿ ಹಿಡಿಯುವ ಮುಂಚೆ ಒಂದು ದಿನ ಸುಮ್ಮನೆ ಊರು ಸುತ್ತಿ. ನೀರು ಎಲ್ಲಿಂದ ಬರುತ್ತದೆ, ಯಾರು ಹೊತ್ತು ತರುತ್ತಾರೆ ಎಂದು ಕೇಳಿ. ಏಳನೇ ತರಗತಿ ಮುಗಿದ ಹುಡುಗಿಯರು ಈಗ ಎಲ್ಲಿದ್ದಾರೆ ಎಂದು ಕೇಳಿ. ಊರಿನ ಮೇಸ್ತ್ರಿಯ ಹೆಸರು ಕೇಳಿ, ಅವರ ಕೈಕೆಳಗೆ ಕೆಲಸ ಮಾಡಿ. ಶಿಬಿರ ಮುಗಿದ ಮೇಲೆ ಆ ಊರಿನವರು ನಿಮ್ಮ ಊರಿಗೆ ಬಂದರೆ ಅವರನ್ನು ಮನೆಗೆ ಕರೆದು ಊಟಕ್ಕೆ ಕೂರಿಸಿ. ಆಗ ನೀವು ಮಾಡಿದ್ದು ದಾನವಾಗಿ ಮುಗಿಯದೆ ಮುಯ್ಯಿಯಾಗಿ ಮುಂದುವರಿಯುತ್ತದೆ.